ಗೋಪೀಚಂದನದ ಗೆರೆ

ಮಿಸ್ತ್ರಿಯವರು ಹೋದ ಸುದ್ದಿ ನನಗೆ ಸಿಕ್ಕಿದ್ದು ಯಲವಿಗಿ ಸ್ಟೇಷನ್ನಿನಲ್ಲಿ. ಹುಬ್ಬಳ್ಳಿಯ ಗಾಡಿ ತಡವಾಗಿತ್ತು. ತಿಳವಳ್ಳಿಯ ಅಕ್ಕಿ ಗಿರಣಿಯ ಸಾಹುಕಾರರೊಬ್ಬರು ಗುರುತು ಹಿಡಿದು ಹತ್ತಿರ ಬಂದರು.

"ನಿಮ್ಮ ಮಿಸ್ತ್ರ್ಯಾರು ಹ್ವಾದ್ರಂತಲ್ರಿ ಸರ. ಸವಣೂರಾಗ, ಮನ್ನೆ ಏಕಾದಶಿ ದಿನ. ಎಂಥಾ ಕಿವಿ ಇತ್ರಿ ಅವರದು! ನನ್ನ ಗಾಡಿ ಹಾನಗಲ್ ದಾಟೂದ ತಡ, ಇವರು ಶಿಗ್ಗಾವ್ಯಾಗ ಕುಂತು ಯಾವ ಪ್ಲಗ್ ಹೋಗೈತಿ ಅಂತ ಹೇಳ್ತಿದ್ರು ನೋಡ್ರಿ."

ಸಾಹುಕಾರರ ಮಾತಿನಲ್ಲಿ ಮುಕ್ಕಾಲು ಪಾಲು ಉಪ್ಪುಖಾರ. ಆದರೆ "ನಿಮ್ಮ ಮಿಸ್ತ್ರ್ಯಾರು" ಅಂದದ್ದು ನನಗೆ ಚುಚ್ಚಿತು. ಬೆಂಚಿನ ಮೇಲೆ ಕೂಡಲಾಗಲಿಲ್ಲ. ಪ್ಲಾಟ್‌ಫಾರ್ಮಿನ ಆ ತುದಿಗೆ ಹೋದೆ, ಈ ತುದಿಗೆ ಬಂದೆ. ಮನೆಗೆ ಬಂದು ಎಂಟು ದಿನವಾದರೂ ಅದೇ ಓಡಾಟ ನಡೆದಿದೆ. ಬರೆದರೆ ಕಡಿಮೆಯಾದೀತು ಅಂತ ಬರೆಯುತ್ತಿದ್ದೇನೆ. ಅವರ ಹೆಸರನ್ನು ಮಾತ್ರ ಬರೆಯುವುದಿಲ್ಲ, ಅದಕ್ಕೆ ಕಾರಣ ಮುಂದೆ ಗೊತ್ತಾಗುತ್ತದೆ.

ಎಪ್ಪತ್ತರ ದಶಕದ ನಡುವೆ ನಾನು ಶಿಗ್ಗಾಂವಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಎಂಜಿನ್ನಿನ ಚಿತ್ರವನ್ನು ಬೋರ್ಡಿನ ಮೇಲೆ ಕಣ್ಣು ಮುಚ್ಚಿ ತೆಗೆಯುತ್ತಿದ್ದೆ. ನಿಜವಾದ ಎಂಜಿನ್ನಿನ ಮೇಲೆ ಒಂದು ಬೆರಳೂ ಇಟ್ಟವನಲ್ಲ. ಅಂಥವನು, ಪೆಟ್ರೋಲ್ ತುಟ್ಟಿಯಾಗಿ ಇದ್ದವರೇ ಕಾರು ಮಾರುತ್ತಿದ್ದ ಕಾಲದಲ್ಲಿ, ವರ್ಗವಾಗಿ ಹೊರಟಿದ್ದ ಡಾಕ್ಟರೊಬ್ಬರ ಹಳೇ ಕಾರು ಕೊಂಡುಬಿಟ್ಟೆ. ಹೆಂಡತಿ ಮೂರು ದಿನ ಮಾತು ಬಿಟ್ಟಳು. ಕಾರೂ ಹಾಗೇ ಇತ್ತು. ಸಪಾಟು ರಸ್ತೆಯಲ್ಲಿ ಹೋಗುತ್ತಿತ್ತು, ತಡಸದ ಕಡೆಯ ಏರು ಬಂತೆಂದರೆ ಉಬ್ಬಸ ಹಿಡಿದವರಂತೆ ನಿಂತು ನಿಂತು ಏರುತ್ತಿತ್ತು.

ಅವರ ಗ್ಯಾರೇಜು ಹಾನಗಲ್ ರಸ್ತೆಯ ಬದಿಯಲ್ಲಿ, ತಗಡಿನ ಮಾಡು, ಹಿಂದೆ ಒಂದು ಬಾವಿ. ನಾನು ಕಾರು ನಿಲ್ಲಿಸುವ ಮೊದಲೇ ಒಳಗಿನಿಂದ ಕೂಗಿದರು. "ಬಂದ್ ಮಾಡಬ್ಯಾಡ್ರಿ! ಹಂಗ ಇರ್ಲಿ!" ತೆಳ್ಳಗಿನ ಮನುಷ್ಯ, ಎಣ್ಣೆ ಬಿದ್ದ ಪೈಜಾಮ, ಹಣೆಗೂ ಕಪಾಳಕ್ಕೂ ಗೋಪೀಚಂದನದ ಮುದ್ರೆ. ಕಾರನ್ನು ಎರಡು ಸುತ್ತು ಸುತ್ತಿದರು. ದೇವರಿಗೆ ಪ್ರದಕ್ಷಿಣೆ ಹಾಕುತ್ತಾರೋ ಅಂದುಕೊಂಡೆ. ಆಮೇಲೆ ಹೇಳಿದರು, "ಡಾಕ್ಟರು ಈ ಗಾಡೀನ್ನ ಮಲಗಿಸಿ ಇಟ್ಟಾರ. ಪಾಪ, ಅದಕ್ಕ ಓಡೂ ಆಶಾ ಅದ."

ಸವಣೂರಿನ ವಿದ್ವಾಂಸರ ಮನೆತನ ಅವರದು. ತಂದೆ ದೊಡ್ಡ ಆಚಾರ್ಯರು. ಹತ್ತು ಜನ ಶಿಷ್ಯರು ಕೂಡಿ ಮಂತ್ರ ಹೇಳುವಾಗ ಯಾರ ಸ್ವರ ತಪ್ಪಿತೆಂದು ಒಳಗಿನ ಕೋಣೆಯಿಂದಲೇ ಹೇಳುತ್ತಿದ್ದರಂತೆ. ಮಗ ಪಾಠ ಬಿಟ್ಟು ಪಾನಾ, ಅಂದರೆ ಸ್ಪ್ಯಾನರು, ಹಿಡಿದ ಮೇಲೆ, "ಕಿವಿ ನಮ್ಮ ಮನಿತನದ್ದ ಅದ, ಕೈ ಯಾರದೋ ಗೊತ್ತಿಲ್ಲ" ಅಂದರಂತೆ. ಇದನ್ನು ಮಿಸ್ತ್ರಿಯವರೇ ನಗುತ್ತ ಹೇಳುತ್ತಿದ್ದರು. ಆದರೆ ಎಷ್ಟು ಸಲ ಹೇಳುತ್ತಿದ್ದರೆಂದರೆ, ಆ ನಗುವಿನ ಮೇಲೆ ನನಗೆ ಪೂರ್ತಿ ನಂಬಿಕೆ ಬರಲಿಲ್ಲ.

ಒಂದು ಕಡೆ ನಿಂತ ಮನುಷ್ಯನಲ್ಲ ಅವರು. ಚಹಾದ ಕಪ್ಪು ಹಿಡಿದು ಗ್ಯಾರೇಜಿನ ತುಂಬ ಓಡಾಡುತ್ತಿದ್ದರು, ಮಾತು ಅರ್ಧಕ್ಕೆ ಬಿಟ್ಟು ರಸ್ತೆಗೆ ಓಡುತ್ತಿದ್ದರು. ಹೋಗುತ್ತಿದ್ದ ಯಾವುದೋ ಲಾರಿಯ ಸದ್ದಿನಲ್ಲಿ ಏನೋ ಕೆಟ್ಟಿರುತ್ತಿತ್ತು. ಒಮ್ಮೆ ಹಾನಗಲ್ಲಿನಲ್ಲಿ ಅವರ ಸಂಬಂಧಿಕರ ಮದುವೆ. ನನ್ನನ್ನೂ ಕರೆದೊಯ್ದಿದ್ದರು. ಆಪೋಶನ ಆಗಿ ಎಲ್ಲರೂ ಅನ್ನಕ್ಕೆ ಕೈ ಹಾಕಿದ್ದೆವು. ಹೊರಗೆ ಬೀಗರ ಕಾರು ಶುರುವಾಯಿತು. ಇವರ ಕೈ ನಿಂತಿತು. ಎರಡು ನಿಮಿಷ ಚಡಪಡಿಸಿ, ಎಲೆ ಬಿಟ್ಟು ಎದ್ದೇಬಿಟ್ಟರು, ಅದೂ ಮಡಿಯಲ್ಲಿ. ಇಡೀ ಪಂಕ್ತಿ ಕೈ ಎಲೆಯಲ್ಲಿಟ್ಟುಕೊಂಡು ಬಾಯಿ ತೆರೆದು ಕೂತಿತು. ಕರೀ ಕೈ ಮಾಡಿಕೊಂಡು ವಾಪಸು ಬಂದಾಗ ಹಿರಿಯರೊಬ್ಬರು ಹರಿಹಾಯ್ದರು. ಇವರು ಶಾಂತವಾಗಿ, "ಅದರ ಮೂರನೇ ಸಿಲಿಂಡರ ಉಪವಾಸ ಇತ್ರಿ. ನನಗ ಹ್ಯಾಂಗ ಊಟ ಹೋಗ್ತದ?" ಅಂದರು.

ನಾನು ಶಾಲೆ ಬಿಟ್ಟ ಮೇಲೆ ಸಂಜೆ ಅಲ್ಲಿಗೆ ಹೋಗಲು ಶುರು ಮಾಡಿದೆ. ಭಾನುವಾರವಂತೂ ಇಡೀ ದಿನ. "ನಿಮಗ ಬೇಕಾದದ್ದು ಕಾರಲ್ಲ, ಗ್ಯಾರೇಜು," ಅಂದಳು ಹೆಂಡತಿ. ಅದು ನಿಜವೇ ಆಗಿತ್ತು. ಮೂವತ್ತೈದರ ವಯಸ್ಸಿನಲ್ಲಿ ನಾನು ಮತ್ತೆ ಒಂದನೇ ಇಯತ್ತೆಗೆ ಸೇರಿದ್ದೆ.

ಮೊದಲ ಪಾಠ ಕಿಡಿಯ ಹೊತ್ತು. ಎಂಜಿನ್ನಿನ ಬದಿಯಲ್ಲಿ ಡಿಸ್ಟ್ರಿಬ್ಯೂಟರ್ ಅಂತ ಒಂದು ಗುಂಡನೆಯ ಸಾಮಾನು. ಪಾಳಿಯ ಪ್ರಕಾರ ಒಂದೊಂದು ಪ್ಲಗ್ಗಿಗೂ ಕರೆಂಟು ಹಂಚುವುದು ಅದರ ಕೆಲಸ. ಅದನ್ನು ಒಂದು ಕಡೆ ತಿರುವಿದರೆ ಕಿಡಿ ಬೇಗ ಹಾರುತ್ತದೆ, ಇನ್ನೊಂದು ಕಡೆ ತಿರುವಿದರೆ ತಡವಾಗಿ. ಇದು ನನ್ನ ಪುಸ್ತಕದಲ್ಲೂ ಇತ್ತು. ಎಷ್ಟು ತಿರುವಬೇಕು ಅನ್ನುವುದು ಇರಲಿಲ್ಲ.

"ಮಾಸ್ತರ, ಊಟಕ್ಕ ಮಂದಿ ಬಂದು ಕೂತ ಮ್ಯಾಲೆ ಒಲಿ ಹಚ್ಚಿದ್ರ ಹ್ಯಾಂಗ? ಸ್ವಲ್ಪ ಮೊದಲ ಹಚ್ಚಬೇಕು. ಭಾಳ ಮೊದಲ ಹಚ್ಚಿದ್ರ ಅನ್ನ ಸೀದು ಹೋಗ್ತದ. ಇಷ್ಟ ನೋಡ್ರಿ ಟ್ಯೂನಿಂಗ್ ಅಂದ್ರ."

ಬರುವವರೆಲ್ಲ ಕೇಳುತ್ತಿದ್ದುದು ಒಂದೇ: "ಪಿಕಪ್ ಬರಂಗ ಮಾಡ್ರಿ." ಪಿಕಪ್ ಇರುವುದು ಕಿಡಿ ಬೇಗ ಹಾರುವುದರಲ್ಲಿ. ತೀರಾ ಬೇಗ ಹಾರಿತೋ, ಏರಿನಲ್ಲಿ ಎಂಜಿನ್ನಿನೊಳಗೆ ಸಣ್ಣ ಟಿಕಿಟಿಕಿ ಸದ್ದು ಹುಟ್ಟುತ್ತದೆ, ಡಬ್ಬಿಯಲ್ಲಿ ಹರಳು ಹಾಕಿ ಅಲ್ಲಾಡಿಸಿದ ಹಾಗೆ. ಅದಕ್ಕೆ ಬಡಿತ ಅನ್ನುತ್ತಿದ್ದರು. ಬಡಿಯುತ್ತ ಓಡಿದ ಎಂಜಿನ್ನಿನ ಪಿಸ್ಟನ್ ಒಂದು ದಿನ ತೂತು ಬೀಳುತ್ತದೆ. ಮಿಸ್ತ್ರಿಯವರು ಮಾಲಕರ ಪಕ್ಕ ಕೂತು ಏರಿಗೆ ಹೋಗಿ, ಬಡಿತ ಹುಟ್ಟುವ ತನಕ ಕಿಡಿಯನ್ನು ಮುಂದೆ ಒಯ್ಯುತ್ತಿದ್ದರು. ಆಮೇಲೆ ಒಂದು ಕೂದಲೆಳೆ ಹಿಂದೆ ತರುತ್ತಿದ್ದರು. ಹಾನಗಲ್ಲಿನ ಹಸಿ ಹವೆಯ ಗಾಡಿಗೆ ಒಂದು ಅಳತೆ, ಸವಣೂರಿನ ಒಣ ಹವೆಗೆ ಇನ್ನೊಂದು. ಆ ಕೂದಲೆಳೆಯೇ ಅವರ ವಿದ್ಯೆ, ಅವರ ಅನ್ನ, ಅವರ ಮರ್ಯಾದೆ. ಅದಕ್ಕೆ ಬೇಕಾದದ್ದು ಕಿವಿಯೊಂದೇ.

ಅಳತೆ ಕೂತ ಮೇಲೆ ಒಂದು ಶಾಸ್ತ್ರವಿತ್ತು. ಪ್ಲಗ್ಗುಗಳ ನಡುವಿನ ತಗಡಿನ ಡಬ್ಬಿಯಿಂದ ಗೋಪೀಚಂದನದ ತುಂಡು ತೆಗೆದು, ಅಂಗೈಯಲ್ಲಿ ನೀರು ಹಾಕಿ ತೇಯ್ದು, ತಂತಿಯ ತುದಿಯಿಂದ ಡಿಸ್ಟ್ರಿಬ್ಯೂಟರಿನ ಮೈಮೇಲಿಂದ ಅದು ಕೂತ ಜಾಗದ ಮೇಲಕ್ಕೆ ಒಂದು ಸಣ್ಣ ಹಳದಿ ಗೆರೆ ಎಳೆಯುತ್ತಿದ್ದರು. ಯಾರಾದರೂ ಅದನ್ನು ತಿರುವಿದರೆ ಗೆರೆ ಒಡೆಯುತ್ತದೆ. ಹಿರೇಕೆರೂರಿನ ತನಕ ಗಾಡಿ ಇದ್ದವರಿಗೆಲ್ಲ ಆ ಗೆರೆ ಗೊತ್ತಿತ್ತು. ಗೆರೆ ಒಡೆದ ಗಾಡಿಯನ್ನು ಅವರು ಮತ್ತೆ ಮುಟ್ಟುತ್ತಿರಲಿಲ್ಲ.

ಅದೇ ಮಾಡಿನ ಕೆಳಗೆ ಬಸಣ್ಣ ಅಂತ ಇನ್ನೊಬ್ಬನಿದ್ದ. ವಾಯರಿಂಗು, ಡೈನಮೊ, ಬ್ಯಾಟರಿ ಅವನ ಕೆಲಸ. ತಡಸದವನು, ನನ್ನ ಓರಗೆಯವನು, ಹಣೆಯ ತುಂಬ ಬಿಳೀ ಈಬತ್ತಿಯ ಪಟ್ಟೆ. ಒಟ್ಟು ಹನ್ನೊಂದು ವರ್ಷ ಮಿಸ್ತ್ರಿಯವರ ಜೊತೆ ಇದ್ದ. ಮಾತು ಕಡಿಮೆ, ಆಡಿದರೆ ನೇರ. ಮಿಸ್ತ್ರಿಯವರು ಓಡಾಡುತ್ತ ಓಡಾಡುತ್ತ ಅವನ ಹತ್ತಿರ ಬಂದಾಗ ಮಾತ್ರ ಸ್ವಲ್ಪ ನಿಲ್ಲುತ್ತಿದ್ದರು.

ಮೂರನೇ ವರ್ಷದ ಮಳೆಗಾಲವಿರಬೇಕು, ಒಂದು ಬದಲಾವಣೆ ಕಂಡೆ. ಮಿಸ್ತ್ರಿಯವರು ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಹಚ್ಚಿ ಕೇಳುತ್ತಿದ್ದರು. ಅದು ಎಲ್ಲ ಮಿಸ್ತ್ರಿಗಳ ಪದ್ಧತಿ. ಈಗ ಹಿಡಿಕೆಯನ್ನು ಹಲ್ಲಲ್ಲಿ ಕಚ್ಚಿ ಹಿಡಿಯಲು ಶುರು ಮಾಡಿದ್ದರು. ನೋಡಿದವರು ನಕ್ಕರು. ನನಗೆ ನಗು ಬರಲಿಲ್ಲ. ಕಿವಿಯ ದಾರಿ ಮುಚ್ಚಿದಾಗ ಸದ್ದು ಎಲುಬಿನ ದಾರಿಯಿಂದ ಹೋಗುತ್ತದೆಂದು ನಾನೇ ಕ್ಲಾಸಿನಲ್ಲಿ ಹೇಳುತ್ತಿದ್ದೆ. ಹಲ್ಲಿಗೆ ದಪ್ಪ ಸದ್ದು ತಿಳಿದೀತು, ಬಡಿತದಂಥ ಸಣ್ಣ ಸದ್ದು ತಿಳಿಯಲಾರದು.

ಮುಂದಿನ ವಾರ ನನ್ನ ಕಾರನ್ನು ಅವರು ಹೊಸದಾಗಿ ಕೂರಿಸಿದರು. ತಡಸದ ಏರಿನಲ್ಲಿ ಟಿಕಿಟಿಕಿ ಶುರುವಾಯಿತು. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಏರು ಹತ್ತಿದೆ.

"ಬಡೀಲಿಕ್ಕತ್ತದ ಅನಸ್ತದಲ್ರಿ," ಅಂದೆ.

"ಎಲ್ಲದರಿ? ಬೆಣ್ಣಿ ಹಂಗ ಹೊಂಟದ!" ಅಂದರು. ಮುಖದ ತುಂಬ ಸಂತೋಷ. ಆ ಸಂತೋಷದ ಮುಂದೆ ನನ್ನ ಬಾಯಿ ಕಟ್ಟಿತು.

ಬಸಣ್ಣನ ಬಾಯಿ ಕಟ್ಟಲಿಲ್ಲ. ಒಂದು ದಿನ ಎಲ್ಲರ ಮುಂದೆ, "ಮಿಸ್ತ್ರೇರ, ಈ ಗಾಡಿ ಬಡ್ಯಾಕತ್ತೈತ್ರಿ. ಸ್ವಲ್ಪ ಹಿಂದ ತಗೋರಿ," ಅಂದ. ಮಿಸ್ತ್ರಿಯವರು ಕೆರಳಿದರು. "ನೀ ದೀಪ ಹಚ್ಚಾಂವ, ದೀಪ ಹಚ್ಚು. ಎಂಜಿನ್ನಿನ ಮಾತು ನನಗ ಹೇಳಬ್ಯಾಡ." ಅವನು ತನ್ನ ಬ್ಯಾಟರಿಯ ಕಡೆ ತಿರುಗಿದ. ಅದೇ ತಿಂಗಳು ಹಿರೇಕೆರೂರಿನ ವಕೀಲರೊಬ್ಬರ ಗಾಡಿಯ ಪಿಸ್ಟನ್ ತೂತು ಬಿತ್ತು. ಪೆಟ್ರೋಲಿನಲ್ಲಿ ಘಾಸಲೇಟು, ಅಂದರೆ ಸೀಮೆಎಣ್ಣೆ, ಕೂಡಿಸಿದ್ದಾರೆಂದು ಮಿಸ್ತ್ರಿಯವರು ಬೈದರು. ಬೈಯುತ್ತ ಗ್ಯಾರೇಜಿನಲ್ಲಿ ಇಪ್ಪತ್ತು ಸಲವಾದರೂ ಓಡಾಡಿದರು. ಅವರಿಗೂ ಒಳಗೊಳಗೆ ಅನುಮಾನವಿತ್ತೆಂದು ನನಗೆ ಅನಿಸಿತು.

ಆಮೇಲೆ ನಾನು ಆ ಕೆಲಸಕ್ಕೆ ಕೈ ಹಾಕಿದೆ. ಗೆರೆ ಎಳೆದ ಮೇಲೆ ಅವರು ಹಿಂದಿನ ಬಾವಿಗೆ ಹೋಗಿ ಕೈ ತೊಳೆಯುತ್ತಿದ್ದರು. ಘಾಸಲೇಟು, ಹೊಟ್ಟು, ಸೋಪು, ಮತ್ತೆ ನೀರು, ಹತ್ತು ನಿಮಿಷದ ಮಡಿ. ಆ ಹತ್ತು ನಿಮಿಷದಲ್ಲಿ, ಬಸಣ್ಣ ತನ್ನ ಮೂಲೆಯಲ್ಲಿ ಬೆನ್ನು ಹಾಕಿ ಕೆಲಸದಲ್ಲಿರುವಾಗ, ನಾನು ಬೋಲ್ಟು ಸಡಿಲಿಸಿ, ಜೋಳದ ಕಾಳಿನಷ್ಟು ಹಿಂದೆ ತಿರುವಿ, ಒಡೆದ ಗೆರೆಯನ್ನು ಒರೆಸಿ, ಅವರದೇ ಡಬ್ಬಿಯ ಗೋಪೀಚಂದನದಿಂದ ಹೊಸ ಗೆರೆ ಎಳೆಯುತ್ತಿದ್ದೆ. ನಾನೂ ಮುದ್ರೆ ಹಚ್ಚುವ ಮನೆಯವನೇ, ಕೈಗೆ ರೂಢಿ ಇತ್ತು. ಮೊದಲು ನನ್ನ ಗಾಡಿ, ಆಮೇಲೆ ಬೇರೆಯವರದು. ಟ್ಯೂನಿಂಗ್ ಕೆಲಸವನ್ನು ಅವರು ನಾನು ಬಂದ ಮೇಲೆಯೇ ತೆಗೆಯುತ್ತಿದ್ದರು, ಹಾಗಾಗಿ ಕಡೆಗೆ ಬಂದ ಗಾಡಿ ಎಲ್ಲ.

ಕರುಣೆಯಿಂದ ಮಾಡಿದೆ ಅಂತ ಆಗ ಹೇಳಿಕೊಂಡೆ. ಈಗ ನೋಡಿದರೆ ಅದರಲ್ಲಿ ಸೊಕ್ಕೂ ಇತ್ತು. ಗುರುವಿಗೆ ಕೇಳದ್ದು ನನಗೆ ಕೇಳುತ್ತದೆ ಅನ್ನುವ ಸೊಕ್ಕು. ಎರಡು ಮಳೆಗಾಲ ಇದು ನಡೆಯಿತು. ಯಾವ ಗಾಡಿಯೂ ಕೆಡಲಿಲ್ಲ. ಮಿಸ್ತ್ರಿಯವರು ಮತ್ತೆ ಅರಳಿದರು. "ನೋಡ್ರಿ ಮಾಸ್ತರ, ಮಂದಿ ಏನೇನೋ ಅಂದ್ರು. ಕೈ ಇನ್ನೂ ಹೋಗಿಲ್ಲ," ಅನ್ನುತ್ತಿದ್ದರು. ನಾನು ಹೌದ್ರಿ ಅನ್ನುತ್ತಿದ್ದೆ. ರಾತ್ರಿ ಊಟ ಸೇರುತ್ತಿರಲಿಲ್ಲ.

ಆ ದಿನಗಳಲ್ಲೇ ಒಂದು ಪತ್ರಿಕೆಯಲ್ಲಿ ಓದಿದ್ದೆ. ಪರದೇಶದ ಕಾರುಗಳಲ್ಲಿ ಸಣ್ಣ ಕಂಪ್ಯೂಟರ್ ಕೂರಿಸುತ್ತಿದ್ದಾರೆ, ಕಿಡಿಯ ಹೊತ್ತನ್ನು ಅದೇ ಗೊತ್ತು ಮಾಡುತ್ತದೆ, ಬಡಿತ ಕೇಳಿತೋ ತಾನೇ ಹಿಂದೆ ಸರಿಸುತ್ತದೆ ಅಂತ. ಇವರಿಗೆ ಮೋಜೆನಿಸೀತು ಅಂತ ಗಟ್ಟಿಯಾಗಿ ಓದಿ ಹೇಳಿದೆ. ಎರಡು ಸಲ ಹೇಳಬೇಕಾಯಿತು.

"ಕೇಳ್ತದಂತ?" ಅಂದರು. "ಅದಕ್ಕ ಕಿವಿ ಎಲ್ಲಿಂದ ಬಂತು?"

"ಎಂಜಿನ್ನಿಗೆ ಒಂದು ಗುಂಡಿ ಹಚ್ಚಿರ್ತಾರಂತ್ರಿ. ಅದ ಕಿವಿ."

ಕೈಯಲ್ಲಿದ್ದ ಪಾನಾವನ್ನು ಆ ಕೈಗೂ ಈ ಕೈಗೂ ಬದಲಿಸುತ್ತಿದ್ದರು. ಆಮೇಲೆ, "ಅದಕ್ಕ ವಯಸ್ಸಾಗಂಗಿಲ್ಲೇನು?" ಅಂತ ಕೇಳಿ ಬಾವಿಯ ಕಡೆ ಹೊರಟರು. ಆ ಹೊತ್ತಿಗೇ ನಾನು ಹೇಳಬಹುದಿತ್ತು. ಹೇಳುವ ಬದಲು ಬೋಲ್ಟು ಸಡಿಲಿಸಿದೆ.

ತಪ್ಪಾದದ್ದು ಒಂದು ಶನಿವಾರ. ಬೆಳಗಿನ ಶಾಲೆ ಮುಗಿಸಿ ನೇರ ಗ್ಯಾರೇಜಿಗೆ ಬಂದಿದ್ದೆ. ಹಾನಗಲ್ಲಿನ ವರ್ತಕರೊಬ್ಬರ ಗಾಡಿ. ಅವರು ಗೆರೆ ಎಳೆದು ಬಾವಿಗೆ ಹೋದರು, ನಾನು ತಿರುವಿದೆ, ಗೆರೆ ಒರೆಸಿದೆ. ಡಬ್ಬಿ ತೆರೆದರೆ ಖಾಲಿ. ಕೊನೆಯ ಚೂರನ್ನು ಅವರೇ ತೇಯ್ದು ಮುಗಿಸಿದ್ದರು. ಹಿಂದೆ ಕೊಡ ಇಡುವ ಸಪ್ಪಳ ಕೇಳಿಸಿತು. ನನ್ನ ಕಿಸೆಯಲ್ಲಿ ಶಾಲೆಯ ಖಡು, ಬೋರ್ಡಿನ ಮೇಲೆ ಬರೆಯುವ ಚಾಕ್‌ಪೀಸು, ಇತ್ತು. ನೀರಲ್ಲಿ ಅದ್ದಿ ಅದರಿಂದಲೇ ಗೆರೆ ಎಳೆದೆ. ಒಣಗಿದ ಮೇಲೆ ಯಾರಿಗೆ ಗೊತ್ತಾಗುತ್ತದೆ ಅಂದುಕೊಂಡೆ. ಒಣಗಿದ ಮೇಲೆ ಅದು ಹಾಲಿನಂತೆ ಬೆಳ್ಳಗಾಯಿತು.

ಸೋಮವಾರ ಸಂಜೆ ಅದೇ ಗಾಡಿ ಹಾರ್ನು ಕೆಟ್ಟು ಬಂತು. ಬಸಣ್ಣ ಬಾನೆಟ್ ಎತ್ತಿದ, ಮಿಸ್ತ್ರಿಯವರು ಹಾದು ಹೋಗುತ್ತ ಬಗ್ಗಿ ನೋಡಿದರು. ಬೆರಳಿನಿಂದ ಗೆರೆಯನ್ನು ಒರೆಸಿ ಮೂಸಿದರು. ಕಿವಿ ಹೋಗಿತ್ತು, ಕಣ್ಣು ಮೂಗು ನೆಟ್ಟಗಿದ್ದವು. ತಲೆ ಎತ್ತಿ ಬಸಣ್ಣನ ಹಣೆ ನೋಡಿದರು.

"ನನ್ನ ಗೆರಿ ಒರಸಿ ನಿನ್ನ ಈಬತ್ತಿ ಹಚ್ಚೀದಿ?"

ಬಸಣ್ಣನಿಗೆ ಮೊದಲು ಅರ್ಥವಾಗಲಿಲ್ಲ. "ನಾ ಮುಟ್ಟಿಲ್ರಿ," ಅಂದ.

"ನೀನಲ್ಲೇನು ಬಡೀತದ, ಬಡೀತದ ಅಂತಿದ್ದಾಂವ? ನನ್ನ ಕೆಲಸದ ಮ್ಯಾಲ ನೀ ಕೆಲಸ ಮಾಡ್ತಿ? ಎಷ್ಟು ದಿನದಿಂದ ಮಾಡ್ಲಿಕ್ಕತ್ತೀದಿ?"

ಬಸಣ್ಣ ಬಗ್ಗಿ ಆ ಗೆರೆ ನೋಡಿದ. ಆಮೇಲೆ ನನ್ನ ಕಡೆ ನೋಡಿದ. ನನ್ನ ಅಂಗಿಯ ಕಿಸೆಯ ಮೇಲೆ, ತೋಳಿನ ಮೇಲೆ ಖಡುವಿನ ಪುಡಿ ಇತ್ತು. ಅವನಿಗೆ ಎಲ್ಲ ತಿಳಿಯಿತು. ತಿಳಿದದ್ದು ನನಗೂ ತಿಳಿಯಿತು. ಅವನು ನನ್ನ ಹೆಸರು ಹೇಳಲಿಲ್ಲ. ನಾನೇ ಹೇಳುತ್ತೇನೆಂದು ಕಾದ.

ನಾನು ಹೇಳಲಿಲ್ಲ. ನಾನು ಅಂದರೆ ಯಾಕೆ ಅನ್ನುವುದೂ ಬರುತ್ತದೆ. ನಿಮ್ಮ ಕಿವಿ ಹೋಗಿದೆ, ಎರಡು ವರ್ಷದಿಂದ ನಿಮ್ಮ ಹೆಸರಿನಲ್ಲಿ ಓಡುತ್ತಿರುವುದೆಲ್ಲ ನನ್ನ ಕೈಯ ಅಳತೆ ಅಂತ ಆ ಮನುಷ್ಯನಿಗೆ ಹೇಳಬೇಕಾಗುತ್ತದೆ. ಅದಾಗದು ಅಂತ ಅಂದುಕೊಂಡೆ, ಇಲ್ಲಿ ಅವರ ಹೆಸರು ಬರೆಯದ್ದೂ ಅದಕ್ಕೇ. ಇದು ಒಂದು ಕಾರಣ. ಹೆದರಿದ್ದೆ ಅನ್ನುವುದು ಇನ್ನೊಂದು, ಮತ್ತು ಅದೇ ದೊಡ್ಡದು.

ಬಸಣ್ಣ ತನ್ನ ಬೆಸುಗೆಯ ಕಡ್ಡಿ, ಮೀಟರು, ತಂತಿಯ ಸುರುಳಿಗಳನ್ನು ಚೀಲಕ್ಕೆ ತುಂಬಿದ. "ಬರ್ತೇನ್ರಿ ಮಿಸ್ತ್ರೇರ," ಅಂದ. ಮಿಸ್ತ್ರಿಯವರು ಬೆನ್ನು ತಿರುಗಿಸಿ ನಿಂತಿದ್ದರು. ಕೇಳಿಸಿತೋ ಇಲ್ಲವೋ ತಿಳಿಯದು. ಹೋಗುವಾಗ ಅವನು ನನ್ನ ಹತ್ತಿರ ಒಂದು ಗಳಿಗೆ ನಿಂತು, "ಇನ್ನ ಮ್ಯಾಲೆ ಅವರನ್ನ ನೀವ ನೋಡಕೋರಿ," ಅಂದ. ಸಿಟ್ಟಿನಿಂದ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ.

ನೋಡಿಕೊಳ್ಳಲಿಲ್ಲ. ಆ ದಿನದಿಂದ ಡಿಸ್ಟ್ರಿಬ್ಯೂಟರ್ ಮುಟ್ಟಲು ನನಗೆ ಕೈ ಬರಲಿಲ್ಲ. ಗ್ಯಾರೇಜಿಗೆ ಹೋಗುವುದೂ ಕಡಿಮೆಯಾಯಿತು. ಗಾಡಿಗಳು ಬಡಿಯತೊಡಗಿದವು, ಇನ್ನೆರಡು ಪಿಸ್ಟನ್ ತೂತು ಬಿದ್ದವು. ಜನ ಬಾಯಿ ಬಿಟ್ಟು ಏನೂ ಅನ್ನಲಿಲ್ಲ, ಬರುವುದನ್ನು ಬಿಟ್ಟರು ಅಷ್ಟೇ. ಬಸಣ್ಣ ತಡಸದಲ್ಲಿ ಬ್ಯಾಟರಿ ಅಂಗಡಿ ಹಾಕಿದ. ಆದರೆ ಮಿಸ್ತ್ರಿಯ ಕೆಲಸ ಕೆಡಿಸಿ ಬಂದವನು ಅನ್ನುವ ಮಾತು ಅವನ ಹಿಂದೆಯೇ ಹೋಯಿತು. ದೊಡ್ಡ ಗಾಡಿಯವರು ಅವನ ಅಂಗಡಿಯ ಮುಂದೆ ನಿಲ್ಲುತ್ತಿರಲಿಲ್ಲ. ನನಗೆ ಹಿರೇಕೆರೂರಿಗೆ ವರ್ಗವಾಯಿತು. ಕಾರು ಮಾರಿದೆ. ಮಾರುವ ಹಿಂದಿನ ದಿನ ಬಾನೆಟ್ ಎತ್ತಿ ನೋಡಲೂ ಆಗಲಿಲ್ಲ.

ಹೋದ ವರ್ಷ ಬೇಸಿಗೆಯಲ್ಲಿ ಮನಸ್ಸು ಗಟ್ಟಿ ಮಾಡಿ ಸವಣೂರಿಗೆ ಹೋದೆ. ಗ್ಯಾರೇಜು ಮುಚ್ಚಿ ಅವರು ತಮ್ಮನ ಮನೆ ಸೇರಿದ್ದರು. ಬಸ್ಸಿನಲ್ಲಿ ಹೋಗುತ್ತ ಹೇಳಬೇಕಾದ ಮಾತನ್ನು ಕಟ್ಟಿಕೊಂಡೆ. ಬಸಣ್ಣ ಅಲ್ಲರಿ, ನಾನು. ಅಷ್ಟೇ ಸಾಕು ಅಂತ ಗೊತ್ತು ಮಾಡಿಕೊಂಡೆ.

ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಅವರು ಹಾಗೆ ಅಲ್ಲಾಡದೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಪೂರ್ತಿ ಕಿವುಡಾಗಿದ್ದರು. ಬಂದವರು ಬರೆದು ಹೇಳಲೆಂದು ಪಕ್ಕದಲ್ಲಿ ಒಂದು ನೋಟ್‌ಬುಕ್ಕು, ದಾರ ಕಟ್ಟಿದ ಪೆನ್ಸಿಲ್ಲು. "ಮಾಸ್ತರ! ಬರ್ರಿ, ಕೂಡ್ರಿ!" ಅಂತ ಮನೆಗೆಲ್ಲ ಕೇಳುವಂತೆ ಕೂಗಿದರು. ನೋಟ್‌ಬುಕ್ಕು ನನ್ನ ತೊಡೆಯ ಮೇಲೆ ಇಟ್ಟರು. "ಬರದ ಮ್ಯಾಲೆ ಕೆಳಗ ಸಹಿ ಮಾಡ್ರಿ. ಯಾರ ಮಾತು ಯಾವುದು ಅಂತ ಆಮ್ಯಾಲೆ ಓದಿ ನೋಡ್ತೇನಿ, ಹೊತ್ತು ಹೋಗ್ತದ."

ಪೆನ್ಸಿಲ್ಲು ಹಿಡಿದೆ. ಬಸಣ್ಣ ಅನ್ನುವ ಮೂರಕ್ಷರ ಬರೆದೆ. ಅವರು ಕನ್ನಡಕ ಏರಿಸಿ ಬಗ್ಗಿ ಅದನ್ನು ಓದಿಬಿಟ್ಟರು, ಮುಂದಿನದಕ್ಕೆ ಕಾಯಲಿಲ್ಲ.

"ಅಂವನ ಸುದ್ದೀನ ನಾ ತೆಗೀಬೇಕಂತಿದ್ದೆ," ಅಂದರು. ದನಿ ಎಷ್ಟು ಎತ್ತರದಲ್ಲಿದೆ ಅನ್ನುವುದು ಅವರಿಗೆ ತಿಳಿಯುತ್ತಿರಲಿಲ್ಲ, ಒಳಗಿನಿಂದ ಇಬ್ಬರು ಇಣುಕಿ ನೋಡಿದರು. "ಹನ್ನೊಂದು ವರ್ಷ ನನ್ನ ಜೋಡಿ ಇದ್ದಾಂವ. ಹ್ಯಾಂಗ ಮಾಡಿದ ನೋಡ್ರಿ. ಆದ್ರ ಇಲ್ಲಿ ಕೂತು ಕೂತು ವಿಚಾರ ಮಾಡೇನಿ. ಸಿಟ್ಟು ಹೊತಗೊಂಡು ಹೋಗಬಾರದು. ನೀವು ತಡಸದ ಮ್ಯಾಲೆ ಹೋಗ್ತಿರ್ತೀರಿ. ಅಂವಗ ಭೆಟ್ಟಿ ಆಗಿ ಹೇಳ್ರಿ, ನಾ ಕ್ಷಮಾ ಮಾಡೇನಿ ಅಂತ. ಹೇಳ್ತೀರಲ್ಲ?"

ಕಣ್ಣಲ್ಲಿ ನೀರು ತುಂಬಿಕೊಂಡು ನನ್ನನ್ನೇ ನೋಡುತ್ತಿದ್ದರು. ನಾನು ಬರೆದ ಹೆಸರಿನ ಮುಂದೆ ಜಾಗ ಹಾಗೇ ಖಾಲಿ ಇತ್ತು. ಹೇಳ್ತೇನಿ ಅಂತ ಬರೆದೆ. ಕೆಳಗೆ ಸಹಿ ಮಾಡಿದೆ.